ಹೆಗಲ ಮೇಲಿನ ಟವೆಲ್ ಸೊಂಟಕ್ಕೆ ಇಳಿಸುವುದು ಹೇಗೆ? ಸಭೆಯಲ್ಲಿ ಜವಾಬ್ದಾರಿ ಹೊತ್ತವರಿಗೆ ಒಂದು ಮಾರ್ಗದರ್ಶಿ

ನಮ್ಮ ಕ್ರೈಸ್ತ ಸಭೆಗಳಲ್ಲಿ ‘ದೇವರ ಸೇವಕರು’ ಅನ್ನುವ ಒಂದು ಮಾತಿದೆ. ಪಾಸ್ಟರ್ ಬಾಗಿಲಲ್ಲಿ ಕಾಣಿಸಿಕೊಂಡರೆ ‘ದೇವರ ಸೇವಕರು ಬಂದ್ರು’ ಅಂತ ಎದ್ದು ನಿಲ್ಲುತ್ತೇವೆ, ಇದ್ದದ್ದರಲ್ಲಿ ಒಳ್ಳೆಯ ಕುರ್ಚಿ ಹಾಕುತ್ತೇವೆ, ಶಾಲು ಹೊದಿಸುತ್ತೇವೆ. ಗೌರವ ಕೊಡುವುದು ತಪ್ಪಲ್ಲ, ಕೊಡಬೇಕು. ಆದರೆ ಸೇವಕ ಅನ್ನುವ ಪದವೇ ಹೀಗೆ ವೇದಿಕೆ ಹತ್ತಿ ಕೂತಿದ್ದರಿಂದ ನಮಗೊಂದು ನಷ್ಟ ಆಗಿದೆ. ‘ಅವರು ಸೇವೆಯಲ್ಲಿದ್ದಾರೆ’ ಅಂದರೆ ಮೈಕ್ ಹಿಡಿಯುತ್ತಾರೆ ಅಂತಲೇ ಅರ್ಥ. ಆರಾಧನೆ ಮುಗಿದ ಮೇಲೆ ಚಾಪೆ ಸುತ್ತಿಡುವವರನ್ನು, ಟಾಯ್ಲೆಟ್‌ಗೆ ಫಿನಾಯಿಲ್ ಹಾಕಿ ಉಜ್ಜುವವರನ್ನು ಯಾರೂ ಹಾಗೆ ಹೇಳುವುದಿಲ್ಲ.

ಯೂತ್ ಗ್ರೂಪ್‌ನಿಂದ ಶುರುವಾಗಿ ಆಮೇಲೆ ಕಮಿಟಿಯವರೆಗೆ ಸುಮಾರು ವರ್ಷ ಸಭೆಯ ಕೆಲಸದಲ್ಲಿ ಕಳೆದಿದ್ದೇನೆ. ಮೊದಲಿನವನಾಗಬೇಕು ಅನ್ನುವವನು ಎಲ್ಲರ ಸೇವಕನಾಗಲಿ ಅಂತ ಯೇಸುಸ್ವಾಮಿ ದೊಡ್ಡತನದ ಬಗ್ಗೆ ಹೇಳಿದ್ದು ಮನಸ್ಸಲ್ಲಿ ಇಟ್ಟುಕೊಳ್ಳುವ ಭಾವನೆ ಅಲ್ಲ, ಕೈಯಿಂದ ಮಾಡಿ ಮಾಡಿ ರೂಢಿಯಾಗಬೇಕಾದ ಕೆಲಸ ಅಂತ ನನಗೆ ಅರ್ಥವಾಗಲು ತುಂಬಾ ದಿನ ಹಿಡಿಯಿತು. ಅದಕ್ಕೇ ಇದನ್ನು ಅಡುಗೆ ಹೇಳಿಕೊಟ್ಟ ಹಾಗೆ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಯೂತ್ ಲೀಡರ್, ಸಂಡೇ ಸ್ಕೂಲ್ ಟೀಚರ್, ಕ್ವಾಯರ್ ನಡೆಸುವವರು, ಕಮಿಟಿ ಸೆಕ್ರೆಟರಿ, ಪಾಸ್ಟರ್, ಯಾರಾದರೂ ಓದಬಹುದು. ಆಫೀಸಿನಲ್ಲಿ ನಾಲ್ಕು ಜನರ ಮೇಲೆ ಒಬ್ಬರಾಗಿ ಇರುವವರಿಗೂ ಹೊಂದುತ್ತದೆ.

ಶುರು ಮಾಡುವ ಮುಂಚೆ ಒಂದು ಮಾತು. ಈ ಬೋಧನೆ ಯಾರಿಗೆ ಹೇಳಿದ್ದು ಅಂತ ಗಮನಿಸಿ. ಮುಂದೆ ಸಿಂಹಾಸನದ ಮೇಲೆ ಕೂರುವ ಕನಸು ಕಾಣುತ್ತಿದ್ದ ಶಿಷ್ಯರಿಗೆ ಹೇಳಿದ್ದು. ಬೆಳಗ್ಗೆ ಐದಕ್ಕೆ ಎದ್ದು ಮನೆಯವರಿಗೆಲ್ಲ ಅಡುಗೆ ಮಾಡಿ, ನಾಲ್ಕು ಮನೆ ಪಾತ್ರೆ ತೊಳೆದು, ಭಾನುವಾರ ಬಂದು ಸಭೆಯ ಕಸವನ್ನೂ ಗುಡಿಸುವ ತಾಯಿಗೆ ‘ಇನ್ನೂ ಸ್ವಲ್ಪ ತಗ್ಗಿಸಿಕೋ’ ಅಂತ ಹೇಳಲು ಈ ವಾಕ್ಯ ಬಳಸಿದರೆ ಅದು ವಾಕ್ಯಕ್ಕೆ ಮಾಡುವ ಅನ್ಯಾಯ. ನಿಮ್ಮ ಬದುಕೇ ಬೇರೆಯವರ ಸೇವೆಯಲ್ಲಿ ಸವೆಯುತ್ತಿದ್ದರೆ ಕೆಳಗಿನ ಬಹಳಷ್ಟು ಹಂತಗಳು ನಿಮಗಲ್ಲ. ಏಳನೇ ಹಂತಕ್ಕೆ ನೇರವಾಗಿ ಹೋಗಿ.

ಹಂತ 1: ದೊಡ್ಡವನಾಗುವ ಆಸೆ ಇದೆ ಅಂತ ಒಪ್ಪಿಕೊಳ್ಳಿ

ಬೈಬಲಿನಲ್ಲಿ ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ತೆಗೆಯಿರಿ. ಗಲಿಲಾಯದ ದಾರಿಯಲ್ಲಿ ಯೇಸು ತಾನು ಸಾಯಲಿರುವ ವಿಷಯ ಹೇಳುತ್ತಾನೆ. ಶಿಷ್ಯರಿಗೆ ಅದು ಅರ್ಥವಾಗುವುದಿಲ್ಲ, ಕೇಳಲೂ ಭಯ. ಅದೇ ದಾರಿಯಲ್ಲಿ ನಡೆಯುತ್ತಾ ಅವರು ವಾದ ಮಾಡಿದ್ದು ನಮ್ಮಲ್ಲಿ ಯಾರು ದೊಡ್ಡವರು ಅಂತ! ಕಪೆರ್ನೌಮಿಗೆ ಬಂದು ಮನೆಯೊಳಗೆ ಸೇರಿದ ಮೇಲೆ ಯೇಸು ಕೇಳಿದ, ದಾರಿಯಲ್ಲಿ ಏನು ಮಾತಾಡುತ್ತಿದ್ದಿರಿ ಅಂತ. ಯಾರೂ ಬಾಯಿ ಬಿಡಲಿಲ್ಲ.

ಆ ಮೌನ ನನಗೆ ಚೆನ್ನಾಗಿ ಗೊತ್ತು.

ಆಮೇಲೆ ಯೇಸು ಕೂತುಕೊಂಡು ಹನ್ನೆರಡು ಜನರನ್ನೂ ಹತ್ತಿರ ಕರೆದ. ‘ದೊಡ್ಡವರಾಗುವ ಆಸೆಯೇ ಪಾಪ’ ಅಂತ ಅವನು ಬೈಯಲಿಲ್ಲ ಅನ್ನುವುದನ್ನು ನೋಡಿ. ಮೊದಲಿನವನಾಗಬೇಕು ಅನ್ನುವವನು ಎಲ್ಲರಿಗಿಂತ ಕೊನೆಯವನಾಗಲಿ, ಎಲ್ಲರ ಸೇವಕನಾಗಲಿ ಅಂದ. ಆಸೆಯನ್ನು ಕಿತ್ತು ಬಿಸಾಡಲಿಲ್ಲ, ಅದರ ಮುಖ ಬೇರೆ ಕಡೆಗೆ ತಿರುಗಿಸಿದ. ಆಮೇಲೆ ಒಂದು ಮಗುವನ್ನು ಮಧ್ಯದಲ್ಲಿ ನಿಲ್ಲಿಸಿ, ಎತ್ತಿಕೊಂಡು, ಇಂಥ ಮಗುವನ್ನು ಸೇರಿಸಿಕೊಂಡವನು ನನ್ನನ್ನೇ ಸೇರಿಸಿಕೊಂಡ ಹಾಗೆ ಅಂದ. ಆ ಕಾಲದಲ್ಲಿ ಮಗುವಿಗೆ ಸ್ಥಾನವೂ ಇಲ್ಲ, ಅಧಿಕಾರವೂ ಇಲ್ಲ. ಅದಕ್ಕೆ ಎಷ್ಟೇ ಮಾಡಿದರೂ ನಿಮಗೆ ವಾಪಸ್ ಏನೂ ಸಿಗುವುದಿಲ್ಲ.

ನೀವು ಮಾಡಬೇಕಾದದ್ದು ಇಷ್ಟು. ಒಂದು ಹಾಳೆ ತಗೊಂಡು, ಕಳೆದ ಒಂದು ವರ್ಷದಲ್ಲಿ ಸಭೆಯಲ್ಲೋ ಕೆಲಸದ ಜಾಗದಲ್ಲೋ ನಿಮಗೆ ಮನಸ್ಸಿಗೆ ಚುಚ್ಚಿದ ಮೂರು ಸಂದರ್ಭ ಬರೆಯಿರಿ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಬಿಟ್ಟಿದ್ದು, ವೇದಿಕೆಗೆ ಕರೆಯದಿದ್ದದ್ದು, ನಿಮ್ಮ ಕೆಲಸಕ್ಕೆ ಬೇರೆಯವರಿಗೆ ಥ್ಯಾಂಕ್ಸ್ ಹೇಳಿದ್ದು, ಯಾವುದಾದರೂ ಸರಿ. ನಾನು ಬರೆದಾಗ ಮೊದಲು ಬಂದದ್ದು ಒಂದು ಕ್ರಿಸ್‌ಮಸ್ ಕಾರ್ಯಕ್ರಮದ ಪತ್ರಿಕೆ. ನನ್ನ ಹೆಸರು ಪ್ರಿಂಟ್ ಆಗಿರಲಿಲ್ಲ. ಅದಕ್ಕೇ ಒಂದು ವಾರ ಪ್ರಾಕ್ಟೀಸಿಗೆ ಹೋಗದೆ ಮೈ ಹುಷಾರಿಲ್ಲ ಅಂತ ಸುಳ್ಳು ಹೇಳಿದ್ದೆ. ಮಕ್ಕಳು ನನಗಾಗಿ ಕಾಯುತ್ತಿದ್ದರು. ಅದನ್ನು ಬರೆದು ದೇವರ ಮುಂದೆ ಇಟ್ಟು, ಹೌದು ಸ್ವಾಮಿ, ನನಗೆ ಮೊದಲಿನವನಾಗುವ ಆಸೆ ಇದೆ ಅಂತ ಹೇಳಿದ ದಿನವೇ ಮುಂದಿನದ್ದು ಶುರುವಾಯಿತು.

ಈ ಹಾಳೆ ಬೇರೆ ಯಾರಿಗೂ ತೋರಿಸಬೇಕಾಗಿಲ್ಲ.

ಹಂತ 2: ಮನೆಯಲ್ಲಿ ಶುರು ಮಾಡಿ

ಇದನ್ನು ಉದ್ದ ಮಾಡುವುದಿಲ್ಲ. ಸ್ವಂತ ಮನೆ ನೋಡಿಕೊಳ್ಳಲು ಬಾರದವನು ದೇವರ ಸಭೆಯನ್ನು ಹೇಗೆ ನೋಡಿಕೊಂಡಾನು ಅಂತ ಅಪೊಸ್ತಲ ಪೌಲ ತನ್ನ ಜೊತೆ ಕೆಲಸಗಾರ ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ ಕೇಳುತ್ತಾನೆ. ಸಭೆಯಲ್ಲಿ ಎಲ್ಲರಿಗೂ ಕಾಫಿ ಹಂಚಿ ಬಂದು ಮನೆಯಲ್ಲಿ ಕುಡಿದ ಲೋಟ ಅಲ್ಲೇ ಬಿಟ್ಟು ಏಳುವವರು ನಮ್ಮಲ್ಲಿ ತುಂಬಾ ಜನ, ಅದರಲ್ಲೂ ಗಂಡಸರು ಜಾಸ್ತಿ. ಒಂದು ತಿಂಗಳು ರಾತ್ರಿ ಊಟದ ಪಾತ್ರೆ ನಿಮ್ಮದು ಅಂತ ಮಾಡಿಕೊಳ್ಳಿ. ‘ಇವತ್ತು ನಾನು ಹೆಲ್ಪ್ ಮಾಡ್ತೀನಿ’ ಅಂತ ಹೇಳಬೇಡಿ, ಹಾಗಂದರೆ ಅದು ಅವರ ಕೆಲಸ, ನೀವು ಉಪಕಾರ ಮಾಡುತ್ತಿದ್ದೀರಿ ಅಂತಾಗುತ್ತದೆ. ಸುಮ್ನೆ ಎದ್ದು ತೊಳೆಯಿರಿ, ಸಿಂಕನ್ನೂ ಒರೆಸಿ.

ಹಂತ 3: ಎಲೆ ಎತ್ತುವ ಕೆಲಸ ಹುಡುಕಿಕೊಳ್ಳಿ

ಇದೇ ಎಲ್ಲಕ್ಕಿಂತ ಮುಖ್ಯವಾದ ಹಂತ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯೋಹಾನನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಯೇಸು ಶಿಷ್ಯರ ಕಾಲು ತೊಳೆದ ಕಥೆ ಎಲ್ಲರಿಗೂ ಗೊತ್ತು. ಆದರೆ ಅದೇ ರಾತ್ರಿಯ ಊಟದ ಹೊತ್ತಿನಲ್ಲಿ ಶಿಷ್ಯರ ನಡುವೆ ಮತ್ತೆ ಅದೇ ಜಗಳ ಎದ್ದಿತ್ತು, ಯಾರು ದೊಡ್ಡವರು ಅಂತ, ಎಂದು ಲೂಕ ತನ್ನ ಸುವಾರ್ತೆಯಲ್ಲಿ ಬರೆಯುತ್ತಾನೆ. ಊಟಕ್ಕೆ ಕೂತವನು ದೊಡ್ಡವನೋ, ಬಡಿಸುವವನು ದೊಡ್ಡವನೋ ಅಂತ ಯೇಸು ಅವರನ್ನು ಕೇಳಿದ. ಕೂತವನೇ ಅಲ್ವಾ? ಆದರೆ ನಾನು ನಿಮ್ಮ ನಡುವೆ ಬಡಿಸುವವನ ಹಾಗೆ ಇದ್ದೇನೆ ಅಂದ. ಹೊಸ ಒಡಂಬಡಿಕೆಯಲ್ಲಿ ಸೇವಕ ಅನ್ನುವ ಹಲವು ಕಡೆ ಬರುವ ಗ್ರೀಕ್ ಪದ ಡಿಯಾಕೊನೋಸ್. ಊಟ ಬಡಿಸುವ ಆಳಿಗೂ ಅದೇ ಪದ. ಇವತ್ತು ಸಭೆಯ ಒಂದು ಹುದ್ದೆಗೆ ಇರುವ ‘ಡೀಕನ್’ ಅನ್ನುವ ಹೆಸರು ಬಂದದ್ದು ಅದರಿಂದಲೇ.

ಕಾಲು ತೊಳೆಯುವುದು ಆಗ ಎಂಥ ಕೆಲಸ ಅಂದರೆ, ಧೂಳಿನ ದಾರಿಯಲ್ಲಿ ಚಪ್ಪಲಿ ಮೆಟ್ಟಿ ನಡೆದು ಬಂದವರ ಕಾಲಿಗೆ ನೀರು ಹಾಕುವುದಕ್ಕೆ ಮನೆಯ ಅತ್ಯಂತ ಕೆಳಗಿನ ಆಳನ್ನು ಕರೆಯುತ್ತಿದ್ದರು. ಆ ಕೋಣೆಯಲ್ಲಿ ಅಂಥ ಆಳು ಇರಲಿಲ್ಲ. ಹನ್ನೆರಡು ಜನರಲ್ಲಿ ಒಬ್ಬನೂ ಏಳಲಿಲ್ಲ. ಯೇಸು ಎದ್ದ, ಮೇಲಿನ ಬಟ್ಟೆ ತೆಗೆದಿಟ್ಟ, ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡ, ಬೋಗುಣಿಗೆ ನೀರು ಹಾಕಿದ.

ಸೊಂಟಕ್ಕೆ ಟವೆಲ್ ಅಂದರೆ ಏನು ಅಂತ ನಮ್ಮ ಹಳ್ಳಿಯ ಹಿರಿಯರನ್ನು ಕೇಳಿ. ಹೆಗಲ ಮೇಲಿನ ಟವೆಲ್ ಮರ್ಯಾದೆಯ ಗುರುತು. ಹಿಂದೆ ಊರ ಧಣಿ ಎದುರಾದರೆ ಕೂಲಿಯವನು ಹೆಗಲ ಮೇಲಿನದ್ದನ್ನು ಇಳಿಸಿ ಸೊಂಟಕ್ಕೆ ಸುತ್ತಿಕೊಳ್ಳಬೇಕಿತ್ತು. ಅದು ಅವಮಾನ, ಬಲವಂತದಿಂದ ಮಾಡಿಸಿದ್ದು. ಯೇಸುವನ್ನು ಯಾರೂ ಬಲವಂತ ಮಾಡಲಿಲ್ಲ. ತಾನು ದೇವರ ಬಳಿಯಿಂದ ಬಂದವನು, ದೇವರ ಬಳಿಗೇ ಹೋಗುವವನು ಅಂತ ತಿಳಿದೇ ಅವನು ಎದ್ದ ಎಂದು ಯೋಹಾನ ಬರೆಯುತ್ತಾನೆ. ತಾನು ಯಾರು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಬಗ್ಗಲು ಹೆದರಿಕೆ ಇರಲಿಲ್ಲ. ನಮಗೆ ಬಗ್ಗಲು ಕಷ್ಟವಾಗುವುದು ನಾವು ದೊಡ್ಡವರು ಅಂತ ಅಲ್ಲ, ನಾವು ಯಾರು ಅನ್ನುವುದರ ಬಗ್ಗೆ ಒಳಗೇ ಅನುಮಾನ ಇರುವುದರಿಂದ ಅಂತ ನನಗನಿಸುತ್ತದೆ.

ನಮ್ಮ ಊಟದ ಪಂಕ್ತಿಯಲ್ಲಿ ಆ ಕಾಲು ತೊಳೆಯುವ ಕೆಲಸಕ್ಕೆ ಸಮ ಯಾವುದು? ಬಡಿಸುವುದಲ್ಲ. ಬಡಿಸಲು ಎಲ್ಲರೂ ಮುಂದೆ ಬರುತ್ತಾರೆ, ಸೌಟು ಕೈಯಲ್ಲಿದ್ದರೆ ‘ಇನ್ನೊಂದು ಸ್ವಲ್ಪ ಹಾಕ್ಲಾ’ ಅಂತ ಎಲ್ಲರ ಹತ್ತಿರ ಮಾತಾಡಬಹುದು, ಫೋಟೋದಲ್ಲೂ ಚೆನ್ನಾಗಿ ಬರುತ್ತದೆ. ಉಂಡ ಎಲೆ ಎತ್ತುವುದು, ಅದು.

ನಮ್ಮ ಸಭೆಯ ಒಂದು ವಾರ್ಷಿಕೋತ್ಸವದ ದಿನ ನಾನು ಮೊದಲ ಸಲ ಎಲೆ ಎತ್ತಿದೆ. ಹೇಗೆ ಎತ್ತಬೇಕು ಅಂತಲೂ ಗೊತ್ತಿರಲಿಲ್ಲ. ಒಂದು ತುದಿ ಹಿಡಿದು ಎಳೆದೆ, ಉಳಿದ ಸಾರೆಲ್ಲ ಮೊಣಕೈವರೆಗೂ ಇಳಿದು ಶರ್ಟಿನ ತೋಳೊಳಗೆ ಹೋಯಿತು. ಪ್ರತಿ ವರ್ಷ ಅದೇ ಕೆಲಸ ಮಾಡುತ್ತಿದ್ದ ಒಬ್ಬ ಆಂಟಿ ಬಂದು ತೋರಿಸಿದರು. ‘ಮೊದಲು ನೀರಿನ ಲೋಟ ತೆಗಿ ಮಗ. ಆಮೇಲೆ ಎಲೆ ಎರಡೂ ತುದಿ ಒಳಗೆ ಮಡಚು. ಈಗ ನಿನ್ನ ಕಡೆಯಿಂದ ಸುತ್ತು. ನೋಡು, ಒಂದು ಹನಿ ಬೀಳಲ್ಲ.’ ಅವರ ಕೈ ಎಷ್ಟು ಬೇಗ ಓಡುತ್ತಿತ್ತು ಅಂದರೆ, ನಾನು ಒಂದು ಎಲೆ ಸುತ್ತುವಷ್ಟರಲ್ಲಿ ನಾಲ್ಕು ಎಲೆ ಅವರ ಬುಟ್ಟಿಯಲ್ಲಿರುತ್ತಿತ್ತು. ಪಂಕ್ತಿ ಪೂರ್ತಿ ಎತ್ತಿ ಮುಗಿಸಿದ ಮೇಲೆ ಹಿಂದಗಡೆ ಕರೆದುಕೊಂಡು ಹೋಗಿ ಅನ್ನ ತಳ ಹಿಡಿದ ದೊಡ್ಡ ಪಾತ್ರೆ ತೋರಿಸಿದರು. ನಾನು ಉಜ್ಜಲು ಕೂತೆ. ‘ಹಂಗೆ ಉಜ್ಜಿದ್ರೆ ಬರಲ್ಲಪ್ಪ, ಮೊದಲು ನೀರು ಹಾಕಿ ನೆನೆಯಕ್ಕೆ ಬಿಡು’ ಅಂದರು. ಅಷ್ಟು ವರ್ಷ ಒಂದೇ ಸಭೆಯಲ್ಲಿದ್ದೂ ನಾನು ಅವರ ಜೊತೆ ‘ಸ್ತೋತ್ರ ಆಂಟಿ’ ಅನ್ನುವುದಕ್ಕಿಂತ ಜಾಸ್ತಿ ಮಾತಾಡಿದ್ದು ಅದೇ ಮೊದಲು. ಅವರ ಮಗಳು ಕಾಯಿಲೆಯಲ್ಲಿದ್ದ ವಿಷಯ, ಅವರು ಪ್ರತಿ ಬುಧವಾರ ಉಪವಾಸ ಮಾಡುತ್ತಿದ್ದ ವಿಷಯ ಎಲ್ಲ ಆ ಪಾತ್ರೆ ನೆನೆಯುವಷ್ಟು ಹೊತ್ತಿನಲ್ಲಿ ಗೊತ್ತಾಯಿತು. ಕಮಿಟಿ ಮೀಟಿಂಗಿನಲ್ಲಿ ನಾವು ‘ಸಭೆಯ ಅಗತ್ಯಗಳು’ ಅಂತ ಗಂಟೆಗಟ್ಟಲೆ ಚರ್ಚೆ ಮಾಡಿದ್ದೆವು.

ಇನ್ನು ನಿಮ್ಮ ಕೆಲಸ. ನಿಮ್ಮ ಸಭೆಯಲ್ಲಿ ಯಾರೂ ಕೈ ಎತ್ತದ ಕೆಲಸ ಯಾವುದು ಅಂತ ನೋಡಿ. ಟಾಯ್ಲೆಟ್, ಚಪ್ಪಲಿ ಜೋಡಿಸುವುದು, ಹಾಸಿಗೆ ಹಿಡಿದವರ ಮನೆಗೆ ಹೋಗಿ ಕೂರುವುದು, ಸಮಾಧಿಯ ಹತ್ತಿರ ಮಣ್ಣು ಅಗೆಯುವುದು. ಅದರಲ್ಲಿ ಒಂದನ್ನು ಮಾತ್ರ ತಗೊಂಡು ಮೂರು ತಿಂಗಳು ಮಾಡಿ. ಈಗಾಗಲೇ ಅದನ್ನು ಮಾಡುತ್ತಿರುವವರ ಕೈಕೆಳಗೆ ಸೇರಿಕೊಳ್ಳಿ, ಅವರು ಹೇಳಿದ ಹಾಗೆ ಮಾಡಿ, ನಿಮ್ಮ ಐಡಿಯಾ ಕೊಡಲು ಹೋಗಬೇಡಿ. ಫೋಟೋ ಬೇಡ, ಸ್ಟೇಟಸ್ ಬೇಡ, ಸಾಕ್ಷಿ ಹೇಳುವಾಗ ಇದನ್ನು ಸೇರಿಸುವುದೂ ಬೇಡ. ಬಲಗೈ ಮಾಡಿದ್ದು ಎಡಗೈಗೆ ಗೊತ್ತಾಗದಿರಲಿ ಅಂದದ್ದು ಇದಕ್ಕೇ. ನಾನು ಇಲ್ಲಿ ನನ್ನ ವಿಷಯ ಬರೆದದ್ದು ಆ ಆಂಟಿಯ ಕೈ ಹೇಗಿತ್ತು ಅಂತ ನಿಮಗೆ ತೋರಿಸಬೇಕಿತ್ತು ಅಂತ.

ಪವಿತ್ರ ಗುರುವಾರದ, ಅಂದರೆ ಗುಡ್ ಫ್ರೈಡೇ ಹಿಂದಿನ ದಿನದ, ಆರಾಧನೆಯಲ್ಲಿ ಕಾಲು ತೊಳೆಯುವ ಪದ್ಧತಿ ನಿಮ್ಮಲ್ಲಿ ಇದ್ದರೆ ಅದನ್ನೂ ಸ್ವಲ್ಪ ಯೋಚಿಸಿ. ಸಾಮಾನ್ಯವಾಗಿ ಯಾರನ್ನು ಕೂರಿಸುತ್ತೇವೆ? ಮನೆಯಲ್ಲೇ ಕಾಲು ತೊಳೆದು, ಇಸ್ತ್ರಿ ಪಂಚೆ ಉಟ್ಟು ಬಂದ ಹಿರಿಯರನ್ನು. 2013ರಲ್ಲಿ, ಪೋಪ್ ಆದ ಅದೇ ತಿಂಗಳು, ಫ್ರಾನ್ಸಿಸ್ ಅವರು ರೋಮ್‌ನ ಕಸಾಲ್ ದೆಲ್ ಮಾರ್ಮೊ ಅನ್ನುವ ಬಾಲಾಪರಾಧಿಗಳ ಜೈಲಿಗೆ ಹೋಗಿ ಹನ್ನೆರಡು ಜನರ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸ್ಲಿಮರೂ ಇದ್ದರು. ಆಗಿನ್ನೂ ನಿಯಮದ ಪುಸ್ತಕದಲ್ಲಿ ಗಂಡಸರ ಕಾಲು ಅಂತಲೇ ಇತ್ತು, 2016ರಲ್ಲಿ ಅದನ್ನು ಬದಲಿಸಿ ಹೆಂಗಸರನ್ನೂ ಸೇರಿಸಿದರು. ನಿಮ್ಮ ಸಭೆಯಲ್ಲಿ ಪಟ್ಟಿ ಮಾಡುವ ಕೆಲಸ ನಿಮ್ಮದಾಗಿದ್ದರೆ ಪೌರಕಾರ್ಮಿಕರು, ಕಟ್ಟಡದ ಕೆಲಸಕ್ಕೆ ಬಂದವರು, ಹಿಂದಿನ ಬೆಂಚಿನಲ್ಲಿ ಕೂತು ಯಾರ ಜೊತೆಯೂ ಮಾತಾಡದೆ ಹೋಗುವವರು, ಇವರನ್ನು ಮೊದಲು ಕೇಳಿ.

ಹಂತ 4: ಸಹಾಯ ಮಾಡುವ ಮುಂಚೆ ಏನು ಬೇಕು ಅಂತ ಕೇಳಿ

ಮಾರ್ಕ 10ನೇ ಅಧ್ಯಾಯದಲ್ಲಿ ನಾನು ಎಷ್ಟೋ ವರ್ಷ ಗಮನಿಸದೆ ದಾಟಿ ಹೋದ ಒಂದು ವಿಷಯ ಇದೆ. ಜೆಬೆದಾಯನ ಮಕ್ಕಳಾದ ಯಾಕೋಬ ಮತ್ತು ಯೋಹಾನ ಬಂದು ಒಂದು ಕೋರಿಕೆ ಇದೆ ಅನ್ನುತ್ತಾರೆ. ಯೇಸು ಕೇಳುತ್ತಾನೆ, ನಾನು ನಿಮಗೆ ಏನು ಮಾಡಬೇಕು? ನಿನ್ನ ಮಹಿಮೆಯಲ್ಲಿ ಒಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ ಕೂರಬೇಕು ಅನ್ನುತ್ತಾರೆ ಅವರು. ಸ್ವಲ್ಪ ಮುಂದೆ ಯೆರಿಕೋ ಊರಿನ ಹತ್ತಿರ ದಾರಿ ಪಕ್ಕ ಕೂತು ಭಿಕ್ಷೆ ಬೇಡುತ್ತಿದ್ದ ಕುರುಡ ಬಾರ್ತಿಮಾಯ ಕೂಗುತ್ತಾನೆ. ಜನ ಸುಮ್ಮನಿರು ಅಂತ ಗದರುತ್ತಾರೆ. ಯೇಸು ನಿಂತು, ಅವನನ್ನು ಕರೆಸಿ ಅದೇ ಪ್ರಶ್ನೆ ಕೇಳುತ್ತಾನೆ, ನಾನು ನಿನಗೆ ಏನು ಮಾಡಬೇಕು?

ಕುರುಡನಿಗೆ ಏನು ಬೇಕು ಅಂತ ಯಾರಿಗೆ ಗೊತ್ತಿಲ್ಲ? ಆದರೂ ಕೇಳಿದ. ಅವನ ಬಾಯಿಂದಲೇ ಬರಲಿ ಅಂತ ಕಾದ. ಹತ್ತಿರದ ಶಿಷ್ಯರಿಗೆ ಕೊಟ್ಟ ಮರ್ಯಾದೆಯನ್ನೇ ಭಿಕ್ಷುಕನಿಗೂ ಕೊಟ್ಟ.

ಒಂದು ಮಳೆಗಾಲ ನಮ್ಮ ಹತ್ತಿರದ ಕಾಲೋನಿಗೆ ನೀರು ನುಗ್ಗಿತ್ತು. ನಾವು ಬ್ರೆಡ್, ಹೊದಿಕೆ ಎಲ್ಲ ತಗೊಂಡು ಗಾಡಿ ತುಂಬಿಸಿಕೊಂಡು ಹೋದೆವು. ಅಷ್ಟರಲ್ಲಿ ಬೇರೆ ಮೂರು ಗುಂಪಿನವರು ಅದನ್ನೇ ಕೊಟ್ಟು ಹೋಗಿದ್ದರು. ಮನೆಯೊಳಗಿನ ಕೆಸರು ಬಾಚುತ್ತಿದ್ದ ಒಬ್ಬ ತಾಯಿ ಹೇಳಿದರು, ‘ಹೊದಿಕೆ ಸಾಕಾಯ್ತು ಕಣಪ್ಪ. ರೇಷನ್ ಕಾರ್ಡ್ ನೀರಲ್ಲಿ ಹೋಯ್ತು, ಮಕ್ಕಳ ಪುಸ್ತಕ ಮುದ್ದೆ ಆಗೋಗಿದೆ, ಅದಕ್ಕೆ ಯಾರನ್ನ ಕೇಳ್ಬೇಕು?’ ಆಮೇಲೆ ನಮ್ಮಲ್ಲಿ ಇಬ್ಬರು ಎರಡು ದಿನ ಅಲ್ಲಿನವರ ಜೊತೆ ಕಚೇರಿಯ ಕ್ಯೂನಲ್ಲಿ ನಿಂತು ಅರ್ಜಿ ಬರೆದುಕೊಟ್ಟರು. ಹೊದಿಕೆಯ ಗಾಡಿಗಿಂತ ಅವರಿಗೆ ಉಪಯೋಗಕ್ಕೆ ಬಂದದ್ದು ಅದು.

ಹಾಗಾಗಿ ಯೋಜನೆ ಮಾಡುವ ಮುಂಚೆ ಹೋಗಿ ಕೇಳಿ. ಕೇಳಿ ಸುಮ್ಮನಿರಿ, ಉತ್ತರ ಬರುವವರೆಗೂ ಕಾಯಿರಿ. ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಶುರು ಮಾಡಿದ್ದು ಬಡವರಿಗೆ ಹೋಮಿಯೋಪತಿ ಔಷಧಿ ಕೊಡುವ ಚಿಕ್ಕ ಕೆಲಸ. ಕುಷ್ಠರೋಗಿಗಳನ್ನು ಯಾರೂ ಹತ್ತಿರ ಸೇರಿಸದ ಕಾಲದಲ್ಲಿ, 1890ರ ಹೊತ್ತಿಗೆ, ಅವರಿಗೂ ಒಂದು ಆಸ್ಪತ್ರೆ ಆಯಿತು. ಇವತ್ತು ಅಲ್ಲಿ ಮೆಡಿಕಲ್ ಕಾಲೇಜೇ ಇದೆ. ಬಾಗಿಲಿಗೆ ಬಂದ ರೋಗಿಯಿಂದ ಬೆಳೆದ ಕೆಲಸ ಅದು.

ಹಂತ 5: ಮೀಟಿಂಗಿನಲ್ಲಿ ಕೊನೆಗೆ ಮಾತಾಡಿ, ಬೀಗದ ಕೈ ಹಂಚಿ

ಯಾಕೋಬ ಮತ್ತು ಯೋಹಾನ ಸೀಟು ಕೇಳಿದ್ದು ತಿಳಿದು ಉಳಿದ ಹತ್ತು ಜನಕ್ಕೂ ಸಿಟ್ಟು ಬಂತು. ಅವರೂ ಅದೇ ಸೀಟಿನ ಮೇಲೆ ಕಣ್ಣಿಟ್ಟಿದ್ದರು ಅಂತ ನಾನು ಓದಿಕೊಳ್ಳುತ್ತೇನೆ. ಆಗ ಯೇಸು ಹೇಳಿದ ಮಾತು ಪ್ರತಿ ಕಮಿಟಿ ರೂಮಿನ ಗೋಡೆಗೆ ಬರೆಯಬೇಕಾದದ್ದು: ಜನಾಂಗಗಳ ಅಧಿಕಾರಿಗಳು ಜನರ ಮೇಲೆ ದೊರೆತನ ಮಾಡುತ್ತಾರೆ, ನಿಮ್ಮಲ್ಲಿ ಹಾಗಿರಬಾರದು. ಮನುಷ್ಯಕುಮಾರನು (ಯೇಸು ತನ್ನನ್ನೇ ಹೀಗೆ ಕರೆದುಕೊಳ್ಳುತ್ತಿದ್ದ) ಸೇವೆ ಮಾಡಿಸಿಕೊಳ್ಳಲು ಬಂದವನಲ್ಲ, ಸೇವೆ ಮಾಡಲು, ಅನೇಕರ ಬಿಡುಗಡೆಗೆ ತನ್ನ ಪ್ರಾಣವನ್ನೇ ಕೊಡಲು ಬಂದವನು.

ಇದನ್ನು ಮೀಟಿಂಗಿನಲ್ಲಿ ಮಾಡುವುದು ಹೀಗೆ. ನೀವು ಅಧ್ಯಕ್ಷರಾಗಿದ್ದರೆ ನಿಮ್ಮ ಅಭಿಪ್ರಾಯ ಮೊದಲು ಹೇಳಬೇಡಿ, ಹೇಳಿದರೆ ಅಲ್ಲಿಗೆ ಚರ್ಚೆ ಮುಗಿಯಿತು, ಉಳಿದವರು ತಲೆ ಆಡಿಸುತ್ತಾರೆ ಅಷ್ಟೆ. ಅತಿ ಕಿರಿಯವರನ್ನು, ಹೊಸಬರನ್ನು, ಮೂಲೆಯಲ್ಲಿ ಕೂತ ಹೆಂಗಸರನ್ನು ಹೆಸರು ಹಿಡಿದು ಮೊದಲು ಕೇಳಿ. ನಿಮ್ಮ ಮಾತು ಬಿದ್ದುಹೋದ ದಿನ, ಗೆದ್ದ ನಿರ್ಧಾರಕ್ಕೆ ಎಲ್ಲರಿಗಿಂತ ಮುಂದೆ ನಿಂತು ಕೆಲಸ ಮಾಡಿ.

ಕೆಲಸ ಹಂಚುವುದೂ ಸೇವೆಯೇ. ಎಲ್ಲವನ್ನೂ ನಾನೇ ಮೈಮೇಲೆ ಹಾಕಿಕೊಂಡು ಮಾಡುತ್ತೇನೆ ಅನ್ನುವುದು ನೋಡಲು ತ್ಯಾಗದ ಹಾಗಿರುತ್ತದೆ, ಆದರೆ ಒಳಗೆ ‘ನಾನಿಲ್ಲದೆ ಏನೂ ನಡೆಯಬಾರದು’ ಅನ್ನುವ ಹಟ ಕೂತಿರಬಹುದು. ಬೆಳಗಿಂದ ಸಂಜೆವರೆಗೆ ಒಬ್ಬನೇ ನ್ಯಾಯ ತೀರಿಸುತ್ತಾ ಕೂತಿದ್ದ ಇಸ್ರಾಯೇಲ್ಯರ ನಾಯಕ ಮೋಶೆಗೆ ಅವನ ಮಾವ ಇತ್ರೋನ ಮುಖಕ್ಕೆ ಹೊಡೆದಂತೆ ಹೇಳಿದ, ನೀನು ಮಾಡುವುದು ಸರಿಯಲ್ಲ, ನೀನೂ ಬಳಲುತ್ತೀಯ ಜನವೂ ಬಳಲುತ್ತಾರೆ ಅಂತ. ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯದಲ್ಲಿ ಇನ್ನೊಂದು ಚೆಂದದ ಉದಾಹರಣೆ ಇದೆ. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಅನ್ಯಾಯ ಆಗುತ್ತಿದೆ ಅಂತ ದೂರು ಬಂತು. ಸಭೆ ನಡೆಸುತ್ತಿದ್ದ ಅಪೊಸ್ತಲರು, ಅಂದರೆ ಯೇಸುವಿನ ಶಿಷ್ಯರು, ದೂರು ಕೊಟ್ಟವರ ಬಾಯಿ ಮುಚ್ಚಿಸಲಿಲ್ಲ. ಜನರೇ ಏಳು ಮಂದಿಯನ್ನು ಆರಿಸಲಿ ಅಂದರು. ಆರಿಸಿದ ಏಳೂ ಹೆಸರು ಗ್ರೀಕ್ ಹೆಸರುಗಳು! ನೊಂದ ಕಡೆಯವರ ಕೈಗೇ ಹಂಚಿಕೆ ಹೋಯಿತು.

ನಿಮ್ಮ ಹತ್ತಿರ ಸಭೆಯ ಯಾವ ಬೀಗದ ಕೈ ಇದೆ? ಸ್ಟೋರ್ ರೂಮಿನದೋ, ಸೌಂಡ್ ಸಿಸ್ಟಮ್ಮಿನದೋ, ವಾಟ್ಸಾಪ್ ಗ್ರೂಪಿನ ಅಡ್ಮಿನ್ ಅಧಿಕಾರವೋ. ಈ ತಿಂಗಳು ಒಂದನ್ನು ನಿಮಗಿಂತ ಚಿಕ್ಕವರಿಗೆ ಕೊಡಿ. ಕೊಟ್ಟ ಮೇಲೆ ಅವರು ನಿಮ್ಮ ಹಾಗೆ ಮಾಡದಿದ್ದರೆ ಕೂಡಲೇ ಬಾಯಿ ಹಾಕಬೇಡಿ. ಇದು ನನಗೆ ಈಗಲೂ ಕಷ್ಟ.

ಹಂತ 6: ದುಡ್ಡು, ಊಟ

ಊಟದಲ್ಲಿ ಕೊನೆಯ ಪಂಕ್ತಿ ನಿಮ್ಮದು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲು ಉಂಡು ತೇಗಿ, ಇಲ್ಲದವರು ಹಸಿದು ಕೂರುತ್ತಿದ್ದರು. ಇದು ಕರ್ತನ ಭೋಜನವೇ ಅಲ್ಲ ಅಂತ ಪೌಲ ಬರೆದ. ವಿಐಪಿ ಟೇಬಲ್ ಅಂತ ಬೇರೆ ಹಾಕಿಸಬೇಡಿ, ನಿಮಗಾಗಿ ಹಾಕಿದ್ದರೆ ಎದ್ದು ಬನ್ನಿ.

ದುಡ್ಡಿನ ವಿಷಯದಲ್ಲಿ ‘ನನ್ನ ಮೇಲೆ ನಂಬಿಕೆ ಇಲ್ವಾ’ ಅನ್ನುವ ಮಾತು ಸೇವಕನ ಬಾಯಲ್ಲಿ ಬರಬಾರದು. ಯೆರೂಸಲೇಮಿನ ಬಡವರಿಗೆ ಕಾಣಿಕೆ ಸೇರಿಸಿದಾಗ ಪೌಲ ಒಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಯಾರೂ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರವಲ್ಲ ಜನರ ಮುಂದೆಯೂ ಸರಿಯಾಗಿರಬೇಕು ಅಂತ ಸಭೆಗಳು ಆರಿಸಿದವರನ್ನೂ ಜೊತೆಗೆ ಹಾಕಿದ. ಕಾಣಿಕೆ ಎಣಿಸುವಾಗ ಯಾವಾಗಲೂ ಇಬ್ಬರು, ಸಾಧ್ಯವಾದರೆ ಒಂದೇ ಮನೆಯವರಲ್ಲದವರು. ತಿಂಗಳ ಲೆಕ್ಕ ನೋಟಿಸ್ ಬೋರ್ಡಿಗೆ. ಅಷ್ಟು ಸಾಕು.

ಹಂತ 7: ನಿಮ್ಮ ಕಾಲನ್ನೂ ಚಾಚಿ, ಬೇಡ ಅನ್ನುವುದನ್ನೂ ಕಲಿಯಿರಿ

ಯೇಸು ಹತ್ತಿರ ಬಂದಾಗ ಪೇತ್ರ ಕಾಲು ಹಿಂದಕ್ಕೆಳೆದುಕೊಂಡ. ನೀನು ನನ್ನ ಕಾಲು ತೊಳೆಯುವುದೇ, ಎಂದಿಗೂ ಬೇಡ ಅಂದ. ನೋಡಲು ವಿನಯದ ಹಾಗಿದೆ. ತೊಳೆಸಿಕೊಳ್ಳದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂತ ಯೇಸು ಹೇಳಬೇಕಾಯಿತು. ಯಾವಾಗಲೂ ಕೊಡುವವನ ಜಾಗದಲ್ಲೇ ಇರುವುದು ಒಂದು ರೀತಿ ಎತ್ತರದ ಕುರ್ಚಿಯೇ. ನಿಮಗೆ ಜ್ವರ ಬಂದಾಗ ಯಾರಾದರೂ ಗಂಜಿ ತಂದರೆ ಸುಮ್ನೆ ಕುಡಿಯಿರಿ. ಯಾರಾದರೂ ನಿಮ್ಮ ತಪ್ಪು ಹೇಳಿದರೆ ಮೊದಲ ಉತ್ತರವಾಗಿ ‘ಆದರೆ’ ಅನ್ನಬೇಡಿ. ಒಂದು ರಾತ್ರಿ ಬಿಟ್ಟು ಮಾತಾಡಿ.

ಈಗ, ಮೊದಲೇ ದಣಿದಿರುವ ನಿಮಗೆ. ಯೇಸು ಕೇಳಿದ್ದನ್ನೆಲ್ಲ ಮಾಡಲಿಲ್ಲ. ಬೆಳಗಿನ ಜಾವ ಎದ್ದು ಒಬ್ಬನೇ ಪ್ರಾರ್ಥನೆಗೆ ಹೋದಾಗ ಶಿಷ್ಯರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನೇ ಹುಡುಕುತ್ತಿದ್ದಾರೆ ಅಂದರು. ಬೇರೆ ಊರಿಗೆ ಹೋಗೋಣ ಬನ್ನಿ ಅಂದ. ಊಟಕ್ಕೂ ಸಮಯವಿಲ್ಲದೆ ಓಡಾಡುತ್ತಿದ್ದ ಶಿಷ್ಯರಿಗೆ, ಬನ್ನಿ, ಸ್ವಲ್ಪ ದಣಿವಾರಿಸಿಕೊಳ್ಳಿ ಅಂತ ಕರೆದ. ಸೀಟು ಕೇಳಿದವರಿಗೆ ಅದು ನಾನು ಕೊಡುವಂಥದ್ದಲ್ಲ ಅಂದ. ವಿಚಾರಣೆಯಲ್ಲಿ ಕೆನ್ನೆಗೆ ಹೊಡೆದವನನ್ನು, ನಾನು ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆಯುತ್ತೀ ಅಂತ ನೇರವಾಗಿ ಕೇಳಿದ. ನಿಮ್ಮ ಮೇಲೆ ಯಾರಾದರೂ ಕೈ ಮಾಡುತ್ತಿದ್ದರೆ, ಹೆದರಿಸುತ್ತಿದ್ದರೆ, ಜಾತಿ ಹಿಡಿದು ಕೀಳಾಗಿ ನೋಡುತ್ತಿದ್ದರೆ ಅದನ್ನು ಸಹಿಸಿಕೊಂಡು ಸುಮ್ಮನಿರುವುದಕ್ಕೆ ಸೇವೆ ಅಂತ ಹೆಸರಿಡಬೇಡಿ. ಹಾಗೆ ಹೆಸರಿಡಲು ಬೇರೆಯವರಿಗೂ ಬಿಡಬೇಡಿ. ನಂಬಿಕೆ ಇರುವ ಒಬ್ಬರಿಗೆ ಹೇಳಿ, ಬೇಕಾದರೆ ಪೊಲೀಸರಿಗೂ ಹೇಳಿ.

ಹಂತ 8: ಯೂದನ ಕಾಲು

ಇದು ಎಲ್ಲಕ್ಕಿಂತ ಕೊನೆಗೆ, ಯಾಕಂದರೆ ನನಗೂ ಪೂರ್ತಿ ಬಂದಿಲ್ಲ. ಕಾಲು ತೊಳೆದ ಆ ರಾತ್ರಿ, ಯೇಸುವನ್ನು ಹಿಡಿದುಕೊಡಲಿದ್ದ ಶಿಷ್ಯ ಯೂದ ಇಸ್ಕರಿಯೋತನೂ ಅಲ್ಲೇ ಕೂತಿದ್ದ. ಅವನು ಹೊರಗೆ ಹೋದದ್ದು ಆಮೇಲೆ. ಅಂದರೆ ಅವನ ಕಾಲನ್ನೂ ಯೇಸು ತೊಳೆದ, ಗೊತ್ತಿದ್ದೇ ತೊಳೆದ.

ಕಮಿಟಿಯಲ್ಲಿ ನಿಮ್ಮ ವಿರುದ್ಧ ಮಾತಾಡುವವರು ಒಬ್ಬರು ಇರುತ್ತಾರೆ ಅಲ್ವಾ, ಅವರಿಗಾಗಿ ಒಂದು ಚಿಕ್ಕ ಕೆಲಸ ಮಾಡಿ. ಅವರ ವಾದ ಒಪ್ಪಬೇಕಾಗಿಲ್ಲ, ಲೆಕ್ಕದಲ್ಲಿ ತಪ್ಪು ಮಾಡಿದ್ದರೆ ಮುಚ್ಚಿಡಬೇಕಾಗಿಯೂ ಇಲ್ಲ. ಅವರ ತಾಯಿ ಆಸ್ಪತ್ರೆಯಲ್ಲಿದ್ದರೆ ರಾತ್ರಿ ಹೋಗಿ ಕೂತುಕೊಳ್ಳಿ. ಮಳೆ ಬಂದರೆ ಗಾಡಿಯಲ್ಲಿ ಮನೆಗೆ ಬಿಡಿ. ನಾನು ಒಬ್ಬರ ಜೊತೆ ಎರಡು ವರ್ಷ ಮಾತಾಡಿರಲಿಲ್ಲ. ಅವರ ಮನೆಯಲ್ಲಿ ಸಾವಾದಾಗ ಹೋಗಿ ಶಾಮಿಯಾನದ ಕುರ್ಚಿ ಇಳಿಸಿದೆ, ರಾತ್ರಿ ಬಂದವರಿಗೆಲ್ಲ ಟೀ ಕೊಟ್ಟೆ. ನಮ್ಮ ಜಗಳ ಅದರಿಂದ ತೀರಿತು ಅಂತ ಹೇಳಲಾರೆ. ಮುಂದಿನ ಮೀಟಿಂಗಿನಲ್ಲೂ ಅವರು ನನ್ನ ಮಾತಿಗೆ ಅಡ್ಡ ಬಂದರು. ಆದರೆ ಅವರ ಮುಖ ನೋಡುವಾಗ ನನ್ನ ಹೊಟ್ಟೆಯೊಳಗೆ ಉರಿಯುತ್ತಿದ್ದದ್ದು ಅವತ್ತಿನಿಂದ ಇಲ್ಲ.

ಯಾವಾಗ ಶುರು ಮಾಡಬೇಕು ಅಂತ ಕೇಳಿದರೆ, ಈ ಭಾನುವಾರವೇ. ಆರಾಧನೆ ಮುಗಿದ ಕೂಡಲೇ ಮುಂದಿನ ಸಾಲಿನವರ ಹತ್ತಿರ ಮಾತಾಡಲು ಹೋಗಬೇಡಿ. ಚಾಪೆ ಸುತ್ತಲು ಯಾರು ಬಗ್ಗುತ್ತಾರೆ ನೋಡಿ, ಹೋಗಿ ಇನ್ನೊಂದು ತುದಿ ಹಿಡಿಯಿರಿ. ಅವರ ಹೆಸರು ಗೊತ್ತಿಲ್ಲದಿದ್ದರೆ ಕೇಳಿ.